ಅರವತ್ತು ಸಾವಿರ ಜಾಸ್ತಿಯೋ, ಒಂದೂವರೆ ಸಾವಿರ ಜಾಸ್ತಿಯೋ?

ಅಮ್ಮನ ಔಷಧಿ ಡಬ್ಬದಲ್ಲಿ ಎರಡು ಸಾಮಾನು ಅಕ್ಕಪಕ್ಕ ಇದ್ದವು. ಒಂದು ವಿಟಮಿನ್ ಡಿ ಪುಡಿಯ ಸ್ಯಾಶೆ. ಅದರ ಮೇಲೆ 60,000 ಐಯು ಅಂತ ದಪ್ಪಗೆ ಬರೆದಿತ್ತು. ಇನ್ನೊಂದು ವಿಟಮಿನ್ ಬಿ12 ಮಾತ್ರೆಯ ಸ್ಟ್ರಿಪ್. ಅದರ ಮೇಲೆ 1500 ಎಂಸಿಜಿ. ಅಮ್ಮ ಎರಡನ್ನೂ ಕೈಯಲ್ಲಿ ಹಿಡಿದು ಕೇಳಿದಳು: "ಇದು ಅರವತ್ತು ಸಾವಿರ. ಇದು ಬರೀ ಒಂದೂವರೆ ಸಾವಿರ. ಪುಡೀನೇ ಜಾಸ್ತಿ ಅಲ್ವಾ? ಅದಕ್ಕೇ ಡಾಕ್ಟ್ರು ವಾರಕ್ಕೊಂದೇ ಬರೆದಿರೋದು."

ಲೆಕ್ಕ ಹಾಕಿ ನೋಡಿದರೆ ತಮಾಷೆ ಗೊತ್ತಾಗುತ್ತದೆ. ಎರಡರಲ್ಲೂ ಇರುವ ವಿಟಮಿನ್ನಿನ ತೂಕ ಒಂದೇ. 1.5 ಮಿಲಿಗ್ರಾಂ.

1.5 ಮಿಲಿಗ್ರಾಂ ಅಂದರೆ ಎಷ್ಟು? ಹಿಂದೆ ಅಕ್ಕಸಾಲಿಗರು ಗುಲಗಂಜಿ ಇಟ್ಟು ಚಿನ್ನ ತೂಗುತ್ತಿದ್ದರು. ತೊಲಕ್ಕೆ 96 ಗುಲಗಂಜಿ ಅನ್ನುವ ಲೆಕ್ಕ ಹಿಡಿದರೆ, 11.66 ಗ್ರಾಂನ ತೊಲದಲ್ಲಿ ಒಂದು ಗುಲಗಂಜಿಯ ಪಾಲು ಸುಮಾರು 121 ಮಿಲಿಗ್ರಾಂ. ಒಂದು ಗುಲಗಂಜಿಯನ್ನು ಎಂಬತ್ತು ಚೂರು ಮಾಡಿದರೆ ಒಂದು ಚೂರು ಎಷ್ಟೋ, ಸ್ಯಾಶೆಯಲ್ಲಿರುವ ವಿಟಮಿನ್ ಡಿ ಅಷ್ಟೇ. ಉಳಿದದ್ದೆಲ್ಲ ನಾಲಿಗೆಗೆ ಹತ್ತಲಿ, ಕೈಗೆ ಸಿಗಲಿ ಅಂತ ಸೇರಿಸಿದ ಸಕ್ಕರೆ, ಪುಡಿ ಇತ್ಯಾದಿ.

ಒಂದೇ ತೂಕಕ್ಕೆ ಒಂದು ಕಡೆ ಅರವತ್ತು ಸಾವಿರ, ಇನ್ನೊಂದು ಕಡೆ ಒಂದೂವರೆ ಸಾವಿರ ಅಂತ ಬರೆಯುವುದು ಯಾಕೆ? ಇದು ತಿಳಿಯಬೇಕಾದರೆ ಗ್ರಾಂನಿಂದ ಕೆಳಕ್ಕೆ ಇಳಿಯುವ ಮೆಟ್ಟಿಲುಗಳನ್ನು ಒಮ್ಮೆ ನೋಡಬೇಕು.

ಗ್ರಾಂ ಮೇಲಿನ ಮೆಟ್ಟಿಲು. ಅದರ ಸಾವಿರದ ಒಂದು ಪಾಲು ಮಿಲಿಗ್ರಾಂ. ಮಿಲಿಗ್ರಾಂನ ಸಾವಿರದ ಒಂದು ಪಾಲು ಮೈಕ್ರೋಗ್ರಾಂ. ಮಾತ್ರೆಯ ಮೇಲೆ ಎಂಸಿಜಿ ಅಂತ ಬರೆಯುವುದು ಇದನ್ನೇ. ಅದರ ಸಾವಿರದ ಒಂದು ಪಾಲು ನ್ಯಾನೋಗ್ರಾಂ. ಆಮೇಲೆ ಪಿಕೋ, ಫೆಮ್ಟೋ, ಅಟ್ಟೋ, ಝೆಪ್ಟೋ, ಯೋಕ್ಟೋ. ಪ್ರತಿ ಮೆಟ್ಟಿಲಿಗೂ ಸಾವಿರ ಪಟ್ಟು ಚಿಕ್ಕದು. ಹತ್ತರ ಘಾತದಲ್ಲಿ ಬರೆದರೆ ಮಿಲಿ 10⁻³, ಮೈಕ್ರೋ 10⁻⁶, ನ್ಯಾನೋ 10⁻⁹, ಪಿಕೋ 10⁻¹², ಹೀಗೇ ಮೂರು ಮೂರು ಇಳಿಯುತ್ತ ಯೋಕ್ಟೋ 10⁻²⁴ ಆಗುತ್ತದೆ. ಫೆಮ್ಟೋ, ಅಟ್ಟೋ ಅನ್ನುವ ಹೆಸರುಗಳು ಡೆನ್ಮಾರ್ಕ್ ಮತ್ತು ನಾರ್ವೆಯ ಭಾಷೆಗಳಲ್ಲಿ ಹದಿನೈದು, ಹದಿನೆಂಟಕ್ಕೆ ಇರುವ ಪದಗಳಿಂದ ಬಂದವು. ಘಾತದ ಸಂಖ್ಯೆಯನ್ನೇ ಹೆಸರು ಮಾಡಿಬಿಟ್ಟರು. ಝೆಪ್ಟೋ ಅಂದಕೂಡಲೇ ಬೆಂಗಳೂರಿನವರಿಗೆ ದಿನಸಿ ತಂದುಕೊಡುವ ಆ್ಯಪ್ ನೆನಪಾಗಬಹುದು. ಹೆಸರು ಅದೇ. ಆದರೆ ಈ ಝೆಪ್ಟೋ ಹುಟ್ಟಿದ್ದು ಏಳು ಅನ್ನುವ ಪದದಿಂದ. ಸಾವಿರದಿಂದ ಏಳು ಸಲ ಭಾಗಿಸಿದ್ದು ಅಂತ ಅರ್ಥ.

ಪರಿವರ್ತನೆ ಅಂದರೆ ಈ ಮೆಟ್ಟಿಲು ಎಣಿಸುವುದು, ಅಷ್ಟೇ. ಮಕ್ಕಳು ಎಡವುವುದು ಎಣಿಕೆಯಲ್ಲಲ್ಲ, ಗುಣಿಸಬೇಕೋ ಭಾಗಿಸಬೇಕೋ ಅನ್ನುವಲ್ಲಿ. ಅದಕ್ಕೆ ನಾನು ಹೇಳುವುದು ಚಿಲ್ಲರೆಯ ಲೆಕ್ಕ. ನೂರರ ನೋಟು ಕೊಟ್ಟು ಚಿಲ್ಲರೆ ಮಾಡಿಸಿದರೆ ಕೈಯಲ್ಲಿ ನಾಣ್ಯ ಜಾಸ್ತಿ ಆಗುತ್ತವೆ, ದುಡ್ಡು ಅಷ್ಟೇ ಇರುತ್ತದೆ. ಮಾನ ಚಿಕ್ಕದಾದರೆ ಸಂಖ್ಯೆ ದೊಡ್ಡದಾಗಬೇಕು. 0.00042 ಮಿಲಿಗ್ರಾಂ ಅಂದರೆ ಎಷ್ಟು ನ್ಯಾನೋಗ್ರಾಂ? ಮಿಲಿಯಿಂದ ಮೈಕ್ರೋ, ಮೈಕ್ರೋದಿಂದ ನ್ಯಾನೋ, ಎರಡು ಮೆಟ್ಟಿಲು ಇಳಿದೆವು. ಸಾವಿರದಿಂದ ಎರಡು ಸಲ ಗುಣಿಸಿದರೆ 420 ನ್ಯಾನೋಗ್ರಾಂ. ಅದೇ 7,50,000 ಪಿಕೋಗ್ರಾಂ ಎಷ್ಟು ಮೈಕ್ರೋಗ್ರಾಂ ಅಂತ ಕೇಳಿದರೆ ಎರಡು ಮೆಟ್ಟಿಲು ಹತ್ತಬೇಕು. ಚಿಲ್ಲರೆ ಕೊಟ್ಟು ನೋಟು ತಗೊಂಡ ಹಾಗೆ. ಉತ್ತರ 0.75 ಮೈಕ್ರೋಗ್ರಾಂ. ಉತ್ತರ ಬಂದಮೇಲೆ ಒಮ್ಮೆ ಕೇಳಿಕೊಳ್ಳಿ: ಮಾನ ಚಿಕ್ಕದಾಯಿತಾ, ಸಂಖ್ಯೆ ದೊಡ್ಡದಾಯಿತಾ? ಮುಕ್ಕಾಲು ಪಾಲು ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ನಮಗೆ ಇನ್ನೊಂದು ತೊಡಕು ಇದೆ. ಅದು ನಮ್ಮ ಎಣಿಕೆಯದು. ಸಾವಿರ ದಾಟಿದ ಮೇಲೆ ನಾವು ನೂರರ ಮೆಟ್ಟಿಲಲ್ಲಿ ಹತ್ತುತ್ತೇವೆ. ನೂರು ಸಾವಿರಕ್ಕೆ ಲಕ್ಷ, ನೂರು ಲಕ್ಷಕ್ಕೆ ಕೋಟಿ. ವಿಜ್ಞಾನದ ಮಾನಗಳು ಸಾವಿರದ ಮೆಟ್ಟಿಲಲ್ಲಿ ಹೋಗುತ್ತವೆ. ಎರಡು ಏಣಿಗಳ ಮೆಟ್ಟಿಲು ಒಂದಕ್ಕೊಂದು ಕೂಡುವುದಿಲ್ಲ. ಹಾಗಾಗಿ ಒಮ್ಮೆ ಹೊಂದಿಸಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಮೈಕ್ರೋ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ನ್ಯಾನೋ ಅಂದರೆ ನೂರು ಕೋಟಿಯಲ್ಲಿ ಒಂದು. ಪಿಕೋ ಅಂದರೆ ಲಕ್ಷ ಕೋಟಿಯಲ್ಲಿ ಒಂದು. ಈ ಕೊನೆಯದು ಸುಲಭ. ಕರ್ನಾಟಕದ 2025-26ರ ಬಜೆಟ್ ಸುಮಾರು 4.09 ಲಕ್ಷ ಕೋಟಿ ರೂಪಾಯಿಯದು. ಅದರಲ್ಲಿ ನಾಲ್ಕು ರೂಪಾಯಿ ತೆಗೆದಿಟ್ಟರೆ ಅದು ಇಡೀ ಬಜೆಟ್ಟಿನ ಸುಮಾರು ಒಂದು ಪಿಕೋ ಪಾಲು.

ಈಗ ಡಬ್ಬಕ್ಕೆ ಬರೋಣ. ಬಿ12 ಮಾತ್ರೆ ಸುಲಭ. 1500 ಮೈಕ್ರೋಗ್ರಾಂ, ಒಂದು ಮೆಟ್ಟಿಲು ಹತ್ತಿದರೆ 1.5 ಮಿಲಿಗ್ರಾಂ. ಸ್ಯಾಶೆಯದು ಹಾಗಲ್ಲ. ಐಯು ಅಂದರೆ ಅಂತರರಾಷ್ಟ್ರೀಯ ಯೂನಿಟ್. ಅದು ತೂಕದ ಮಾನವೇ ಅಲ್ಲ. ವಿಟಮಿನ್‌ಗಳನ್ನು ಶುದ್ಧವಾಗಿ ಬೇರ್ಪಡಿಸಿ ತೂಗಲು ಬಾರದಿದ್ದ ಕಾಲದಲ್ಲಿ, ಅವು ಮಾಡುವ ಕೆಲಸ ನೋಡಿ ಅಳೆಯುತ್ತಿದ್ದರು. ಮೂಳೆ ಮೆತ್ತಗಾಗುವ ರೋಗ ಬಂದ ಇಲಿಗಳಿಗೆ ಕೊಟ್ಟು, ಎಷ್ಟಕ್ಕೆ ಎಷ್ಟು ಗುಣವಾಯಿತು ಅಂತ ನೋಡುತ್ತಿದ್ದರು. ಆ ಅಳತೆ ಹಾಗೇ ಉಳಿದುಕೊಂಡಿದೆ. ವಿಟಮಿನ್ ಡಿಗೆ 40 ಐಯು ಅಂದರೆ 1 ಮೈಕ್ರೋಗ್ರಾಂ. 60,000ವನ್ನು 40ರಿಂದ ಭಾಗಿಸಿ, 1500 ಮೈಕ್ರೋಗ್ರಾಂ. ಆದರೆ ಈ 40 ಅನ್ನುವುದು ಡಿಗೆ ಮಾತ್ರ. ವಿಟಮಿನ್ ಎ ಆದರೆ 1 ಐಯು ಅಂದರೆ 0.3 ಮೈಕ್ರೋಗ್ರಾಂ ರೆಟಿನಾಲ್. ಯಾವ ವಸ್ತು ಅಂತ ಗೊತ್ತಿಲ್ಲದೆ ಐಯುವನ್ನು ಗ್ರಾಂಗೆ ಇಳಿಸಲು ಯಾರಿಂದಲೂ ಆಗದು.

ತೂಕ ಒಂದೇ ಆದ ಮಾತ್ರಕ್ಕೆ ಎರಡೂ ಒಂದೇ ಪವರ್ ಅಂತಲ್ಲ, ಅಮ್ಮನಿಗೆ ಇದನ್ನೂ ಹೇಳಬೇಕಾಯಿತು. ಡಿ ಮೈಯ ಕೊಬ್ಬಿನಲ್ಲಿ ಉಳಿದುಕೊಳ್ಳುತ್ತದೆ, ಅದಕ್ಕೇ ವಾರಕ್ಕೊಂದು. ಬಿ12 ಅನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ನುಂಗಿದರೆ ಸುಮಾರು ನೂರರಲ್ಲಿ ಒಂದು ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ. ದಿನಕ್ಕೆ ಬೇಕಾಗುವುದು ಎರಡು ಎರಡೂವರೆ ಮೈಕ್ರೋಗ್ರಾಂ. ಎಷ್ಟು ತಗೋಬೇಕು ಅನ್ನುವುದು ಡಾಕ್ಟರ ಕೆಲಸ. ಇಲ್ಲಿ ನಾವು ಮಾಡುತ್ತಿರುವುದು ಬರೀ ಲೆಕ್ಕ.

ಎಂಸಿಜಿ ಅನ್ನುವ ಬರಹಕ್ಕೂ ಒಂದು ಕಾರಣ ಇದೆ. ಮೈಕ್ರೋಗೆ ವಿಜ್ಞಾನದಲ್ಲಿ ಬಳಸುವ ಗುರುತು ಗ್ರೀಕಿನ ಮ್ಯೂ ಅಕ್ಷರ. ಅವಸರದ ಕೈಬರಹದಲ್ಲಿ ಅದು ಇಂಗ್ಲಿಷಿನ ಎಂ ಹಾಗೆ ಕಾಣಬಹುದು. ಕಂಡರೆ ಮೈಕ್ರೋ ಹೋಗಿ ಮಿಲಿ ಆಯಿತು. ಸಾವಿರ ಪಟ್ಟು ತಪ್ಪು. ಥೈರಾಯ್ಡ್ ಮಾತ್ರೆಗಳು 25, 50, 100 ಮೈಕ್ರೋಗ್ರಾಂ ಲೆಕ್ಕದವು. ಅಲ್ಲಿ ಸಾವಿರ ಪಟ್ಟು ತಪ್ಪಾದರೆ ಏನಾದೀತು ಯೋಚಿಸಿ. ಅದಕ್ಕೇ ಔಷಧಿಯ ಲೋಕದಲ್ಲಿ ಮ್ಯೂ ಬಿಟ್ಟು ಎಂಸಿಜಿ ಬರೆಯಿರಿ ಅನ್ನುತ್ತಾರೆ. 0.05 ಮಿಲಿಗ್ರಾಂ ಅನ್ನುವುದಕ್ಕಿಂತ 50 ಎಂಸಿಜಿ ಅನ್ನುವುದೇ ಕ್ಷೇಮ. ಚುಕ್ಕಿ ಕಣ್ಣು ತಪ್ಪಿಸಿಕೊಳ್ಳುತ್ತದೆ, ಪೂರ್ಣ ಸಂಖ್ಯೆ ತಪ್ಪಿಸಿಕೊಳ್ಳುವುದಿಲ್ಲ.

ಇನ್ನು ಅಮ್ಮನ ರಕ್ತಪರೀಕ್ಷೆಯ ರಿಪೋರ್ಟು. ಅದರಲ್ಲಿ ಬಿ12 ಇರುವುದು ಒಂದು ಮಿಲಿಲೀಟರಿಗೆ ಇಷ್ಟು ಪಿಕೋಗ್ರಾಂ ಅಂತ. ಇಲ್ಲಿ ಮೇಲೆ ಒಂದು ಮಾನ, ಕೆಳಗೆ ಒಂದು ಮಾನ. ಮಿಲಿಲೀಟರಿಗೆ 300 ಪಿಕೋಗ್ರಾಂ ಇದ್ದರೆ, ಲೀಟರಿಗೆ ಅದರ ಸಾವಿರ ಪಟ್ಟು, ಅಂದರೆ 3,00,000 ಪಿಕೋಗ್ರಾಂ. ಅದನ್ನು ಒಂದು ಮೆಟ್ಟಿಲು ಹತ್ತಿಸಿದರೆ 300 ನ್ಯಾನೋಗ್ರಾಂ. ಕೆಳಗೆ ಸಾವಿರ, ಮೇಲೆ ಸಾವಿರ, ಎರಡೂ ಹೊಡೆದುಹೋದವು. ಹಾಗಾಗಿ ಒಂದು ಲ್ಯಾಬಿನವರು ಮಿಲಿಲೀಟರಿಗೆ 300 ಪಿಕೋಗ್ರಾಂ ಅಂದರೂ, ಇನ್ನೊಬ್ಬರು ಲೀಟರಿಗೆ 300 ನ್ಯಾನೋಗ್ರಾಂ ಅಂದರೂ ವಿಷಯ ಒಂದೇ. ರಕ್ತದ ತಿಳಿಭಾಗ ಸುಮಾರು ಮೂರು ಲೀಟರ್ ಅಂತ ಇಟ್ಟುಕೊಳ್ಳಿ. ಆ ಇಡೀ ತಿಳಿಯಲ್ಲಿರುವ ಬಿ12 ಎಲ್ಲ ಸೇರಿಸಿದರೂ 900 ನ್ಯಾನೋಗ್ರಾಂ. ಒಂದು ಮೈಕ್ರೋಗ್ರಾಂ ಕೂಡ ಆಗಲಿಲ್ಲ.

ಅದೇ ರಿಪೋರ್ಟಿನಲ್ಲಿ ಇನ್ನೊಂದು ಸಾಲು ಇದೆ. ಬಹಳ ಜನ ಅದನ್ನು ನೋಡದೇ ದಾಟಿಬಿಡುತ್ತಾರೆ. ನನಗೆ ಅದೇ ಇಷ್ಟ. ಎಂಸಿಎಚ್ ಅಂತ ಅದರ ಹೆಸರು. ಒಂದು ಕೆಂಪು ರಕ್ತಕಣದಲ್ಲಿ ಸರಾಸರಿ ಎಷ್ಟು ಹಿಮೋಗ್ಲೋಬಿನ್ ಇದೆ ಅನ್ನುವುದನ್ನು ಅದು ಹೇಳುತ್ತದೆ. ಸಾಮಾನ್ಯವಾಗಿ 27ರಿಂದ 33 ಪಿಕೋಗ್ರಾಂ. ಒಂದು ಕಣವನ್ನು ಹಿಡಿದು, ಅದರೊಳಗಿನದನ್ನು ತಕ್ಕಡಿಗೆ ಹಾಕಿ ತೂಗಿದವರು ಯಾರು? ಯಾರೂ ಇಲ್ಲ. ಅದು ಬರೀ ಪರಿವರ್ತನೆ.

ಹಿಮೋಗ್ಲೋಬಿನ್ ಡೆಸಿಲೀಟರಿಗೆ 13.5 ಗ್ರಾಂ ಇದೆ ಅನ್ನಿ. ಡೆಸಿಲೀಟರ್ ಅಂದರೆ 100 ಮಿಲಿಲೀಟರ್. ಹಾಗಾಗಿ ಲೀಟರಿಗೆ 135 ಗ್ರಾಂ. ಕೆಂಪು ಕಣಗಳು ಒಂದು ಘನ ಮಿಲಿಮೀಟರಿಗೆ 45 ಲಕ್ಷ. ಲೀಟರಿನಲ್ಲಿ ಹತ್ತು ಲಕ್ಷ ಘನ ಮಿಲಿಮೀಟರ್ ಇರುತ್ತವೆ. ಅಲ್ಲಿಗೆ ಲೀಟರಿಗೆ 4.5 ಲಕ್ಷ ಕೋಟಿ ಕಣ. ಈಗ 135 ಗ್ರಾಂ ಅನ್ನು 4.5 ಲಕ್ಷ ಕೋಟಿ ಕಣಗಳಿಗೆ ಹಂಚಿ. 135ನ್ನು 4.5ರಿಂದ ಭಾಗಿಸಿದರೆ 30. ಲಕ್ಷ ಕೋಟಿಯಲ್ಲಿ ಒಂದು ಪಾಲು ಅಂದರೆ ಪಿಕೋ ಅಂತ ಆಗಲೇ ಹೇಳಿದೆನಲ್ಲ. ಉತ್ತರ 30 ಪಿಕೋಗ್ರಾಂ. ರಿಪೋರ್ಟು ತೆಗೆದು ನಿಮ್ಮದೇ ಸಂಖ್ಯೆ ಹಾಕಿ ನೋಡಿ. ಲ್ಯಾಬಿನವರು ಅಚ್ಚು ಹಾಕಿದ್ದೇ ಬರುತ್ತದೆ.

ಚಿಕ್ಕ ತೂಕಗಳ ವಿಷಯದಲ್ಲಿ ಹೆಚ್ಚು ಕಡಿಮೆ ಎಲ್ಲ ಕಡೆ ನಡೆಯುವುದು ಹೀಗೆಯೇ. ದೊಡ್ಡದನ್ನು ತೂಗಿ, ಎಷ್ಟಿವೆ ಅಂತ ಎಣಿಸಿ, ಹಂಚುತ್ತಾರೆ. ಅಕ್ಕಿ ಕಾಳಿನ ತೂಕ ಬೇಕಾದರೆ ಒಂದು ಕಾಳನ್ನು ತಕ್ಕಡಿಗೆ ಹಾಕುವುದಿಲ್ಲ, ಒಂದು ಸಾವಿರ ಕಾಳು ಎಣಿಸಿ ತೂಗುತ್ತೇವೆ, ಅಲ್ವಾ? ಅಣುಗಳಿಗೆ ಎಣಿಸುವ ಆ ಸಂಖ್ಯೆ 6.022 × 10²³. ಅವೊಗಾಡ್ರೋ ಸಂಖ್ಯೆ. ಅಷ್ಟು ಅಣುಗಳ ಗುಂಪಿಗೆ ಮೋಲ್ ಅನ್ನುತ್ತಾರೆ.

ಇಲ್ಲಿ ಇನ್ನೊಂದು ಮಾನ ಬರುತ್ತದೆ. ಡಾಲ್ಟನ್. ಕಾರ್ಬನ್-12 ಪರಮಾಣುವಿನ ಹನ್ನೆರಡನೇ ಒಂದು ಪಾಲು. ಗ್ರಾಂ ಮನುಷ್ಯನ ಕೈಗೆ ತಕ್ಕ ಮಾನ, ಡಾಲ್ಟನ್ ಪರಮಾಣುವಿಗೆ ತಕ್ಕ ಮಾನ. ಎರಡರ ನಡುವಿನ ಸೇತುವೆ ಅವೊಗಾಡ್ರೋ ಸಂಖ್ಯೆಯೇ. ಒಂದು ಗ್ರಾಂ ಅನ್ನು 6.022 × 10²³ರಿಂದ ಭಾಗಿಸಿದರೆ 1.66 × 10⁻²⁴ ಗ್ರಾಂ, ಅಂದರೆ 1.66 ಯೋಕ್ಟೋಗ್ರಾಂ. ಅದೇ ಒಂದು ಡಾಲ್ಟನ್. ನೀರಿನ ಒಂದು ಅಣು 18 ಡಾಲ್ಟನ್, ಸುಮಾರು 30 ಯೋಕ್ಟೋಗ್ರಾಂ.

ಹಿಮೋಗ್ಲೋಬಿನ್ ಅಣು ದೊಡ್ಡದು, ಸುಮಾರು 64,500 ಡಾಲ್ಟನ್. 1.66ರಿಂದ ಗುಣಿಸಿದರೆ ಸುಮಾರು 1,07,000 ಯೋಕ್ಟೋಗ್ರಾಂ. ಒಂದು ಮೆಟ್ಟಿಲು ಹತ್ತಿಸಿ, 107 ಝೆಪ್ಟೋಗ್ರಾಂ. ಒಂದು ಕಣದಲ್ಲಿರುವ 30 ಪಿಕೋಗ್ರಾಂ ಅನ್ನು ಝೆಪ್ಟೋಗೆ ಇಳಿಸಬೇಕು. ಪಿಕೋ, ಫೆಮ್ಟೋ, ಅಟ್ಟೋ, ಝೆಪ್ಟೋ. ಮೂರು ಮೆಟ್ಟಿಲು. 30ರ ಮುಂದೆ ಒಂಬತ್ತು ಸೊನ್ನೆ. ಅಂದರೆ 3,000 ಕೋಟಿ ಝೆಪ್ಟೋಗ್ರಾಂ. ಅದನ್ನು 107ರಿಂದ ಭಾಗಿಸಿದರೆ ಸುಮಾರು 28 ಕೋಟಿ. ಕಣ್ಣಿಗೆ ಕಾಣದ ಒಂದೊಂದು ಕೆಂಪು ಕಣದಲ್ಲೂ 28 ಕೋಟಿ ಹಿಮೋಗ್ಲೋಬಿನ್ ಅಣುಗಳು. ಬೆರಳು ಚುಚ್ಚಿ ತೆಗೆದ ರಕ್ತದಿಂದ, ಮೆಟ್ಟಿಲು ಎಣಿಸುತ್ತಲೇ ಇಲ್ಲಿಗೆ ಬಂದೆವು.

ಡಿಎನ್‌ಎ ಲೋಕದವರಿಗೆ ಪಿಕೋಗ್ರಾಂ ಇನ್ನೂ ಹತ್ತಿರದ್ದು. ಡಿಎನ್‌ಎ ಏಣಿಯ ಒಂದು ಹಲ್ಲು, ಅಂದರೆ ಒಂದು ಬೇಸ್ ಜೋಡಿ, ಸರಾಸರಿ 616 ಡಾಲ್ಟನ್ ತೂಗುತ್ತದೆ. ಒಂದು ಪಿಕೋಗ್ರಾಂನಲ್ಲಿ ಅಂಥವು ಸುಮಾರು 97.8 ಕೋಟಿ. ಮನುಷ್ಯನ ಒಂದು ಜೀವಕೋಶದ ಡಿಎನ್‌ಎ ಆರೂವರೆ ಪಿಕೋಗ್ರಾಂ ಆಸುಪಾಸಿನದು. ಅಪರಾಧ ನಡೆದ ಜಾಗದಲ್ಲಿ ಒಂದು ನ್ಯಾನೋಗ್ರಾಂ ಡಿಎನ್‌ಎ ಸಿಕ್ಕಿತು ಅಂದರೆ, ಸುಮಾರು ನೂರೈವತ್ತು ಜೀವಕೋಶಗಳಷ್ಟು ಸಿಕ್ಕಿದೆ ಅಂತ.

ಇನ್ನು ಮೋಲ್ ಲೆಕ್ಕ ನಮ್ಮ ಮನೆಗೇ ಬಂದು ಗಲಾಟೆ ಎಬ್ಬಿಸಿದ್ದನ್ನು ಹೇಳಿಬಿಡುತ್ತೇನೆ. ಅಕ್ಕ ಇಂಗ್ಲೆಂಡಿನಲ್ಲಿದ್ದಾಳೆ. ಅವಳ ವಿಟಮಿನ್ ಡಿ 75 ಅಂತೆ, ಅಮ್ಮನದು 30. ಅಮ್ಮನಿಗೆ ಗಾಬರಿ. "ಅಲ್ಲಿ ಬಿಸಿಲೇ ಇಲ್ಲ, ಅವಳಿಗೆ ಹೇಗೆ ಎಪ್ಪತ್ತೈದು?" ಅಂತ. ಅಲ್ಲಿಯ ರಿಪೋರ್ಟು ಲೀಟರಿಗೆ ಇಷ್ಟು ನ್ಯಾನೋಮೋಲ್ ಅಂತ ಬರುತ್ತದೆ. ಅದು ಅಣುಗಳ ಎಣಿಕೆ. ನಮ್ಮದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ, ಅದು ತೂಕ. ರಕ್ತದಲ್ಲಿ ಅಳೆಯುವ ವಿಟಮಿನ್ ಡಿ ಅಣು 400.6 ಡಾಲ್ಟನ್. ಹಾಗಾಗಿ ಅದರ ಒಂದು ಮೋಲ್ 400.6 ಗ್ರಾಂ, ಒಂದು ನ್ಯಾನೋಮೋಲ್ 400.6 ನ್ಯಾನೋಗ್ರಾಂ ತೂಗುತ್ತದೆ. 75ರಿಂದ ಗುಣಿಸಿದರೆ ಲೀಟರಿಗೆ 30,045 ನ್ಯಾನೋಗ್ರಾಂ. ಮಿಲಿಲೀಟರಿಗೆ 30. ತಾಯಿ ಮಗಳಿಬ್ಬರದೂ ಒಂದೇ. ಎರಡೂವರೆಯಿಂದ ಗುಣಿಸಿದರೆ ನಮ್ಮದು ಅವರದಾಗುತ್ತದೆ ಅಂತ ನೆನಪಿಟ್ಟುಕೊಂಡರೆ ಸಾಕು. ಆದರೆ ಈ ಎರಡೂವರೆಯೂ ವಿಟಮಿನ್ ಡಿಗೆ ಮಾತ್ರ. ಬಿ12ರ ಅಣು, ಸೈನೊಕೊಬಾಲಮಿನ್ ಅನ್ನುವ ರೂಪದಲ್ಲಿ, 1355 ಡಾಲ್ಟನ್, ಅದರ ಲೆಕ್ಕವೇ ಬೇರೆ.

ವಿಜ್ಞಾನ ಓದುವ ಮಕ್ಕಳು ಬೀಳುವ ಇನ್ನೊಂದು ಹಳ್ಳ ಕಿಲೋಗ್ರಾಂ. ತೂಕದ ಮೂಲಮಾನ ಗ್ರಾಂ ಅಲ್ಲ, ಕಿಲೋಗ್ರಾಂ. ಮೂಲಮಾನಗಳಲ್ಲಿ ಹೆಸರಿನ ಮೊದಲಿಗೇ ಕಿಲೋ ಅಂತ ಅಂಟಿಕೊಂಡಿರುವುದು ಇದೊಂದಕ್ಕೇ. ಸೂತ್ರಗಳಿಗೆಲ್ಲ ಕಿಲೋಗ್ರಾಂನಲ್ಲಿ ಹಾಕಬೇಕು, ಆದರೆ ಮಿಲಿ, ಮೈಕ್ರೋ ಎಲ್ಲ ಅಂಟುವುದು ಗ್ರಾಂಗೆ. ಮೈಕ್ರೋಕಿಲೋಗ್ರಾಂ ಅಂತ ಬರೆಯುವ ಹಾಗಿಲ್ಲ, ಅದನ್ನು ಮಿಲಿಗ್ರಾಂ ಅನ್ನಬೇಕು. ಪ್ರೋಟಾನಿನ ತೂಕ ಪುಸ್ತಕದಲ್ಲಿ 1.67 × 10⁻²⁷ ಅಂತ ಇರುತ್ತದೆ. ಅದು ಕಿಲೋಗ್ರಾಂನಲ್ಲಿ. ಗ್ರಾಂಗೆ ತಂದರೆ 10⁻²⁴. ಈ ಮೂರು ಸೊನ್ನೆ ಮರೆತು ಪರೀಕ್ಷೆಯಲ್ಲಿ ಮಾರ್ಕು ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಈ ಕಿಲೋಗ್ರಾಂ 2019ರವರೆಗೆ ಒಂದು ಲೋಹದ ತುಂಡು. ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಗಾಜಿನ ಮುಚ್ಚಳದೊಳಗೆ ಇಟ್ಟ ಪ್ಲಾಟಿನಂ-ಇರಿಡಿಯಂ ಉರುಳೆ. ಅದರ ಪ್ರತಿಗಳು ಬೇರೆ ಬೇರೆ ದೇಶಗಳಲ್ಲಿವೆ. 57ನೇ ನಂಬರಿನದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ನೂರು ವರ್ಷಗಳಲ್ಲಿ ಮೂಲಕ್ಕೂ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಬಂತು. ಬೆರಳಚ್ಚು ಬಿದ್ದರೆ ಅಂಟುವ ಜಿಡ್ಡಿನಷ್ಟು. ಅಷ್ಟಕ್ಕೇ ಜಗತ್ತಿನ ತೂಕದ ಪಂಡಿತರು ನಿದ್ದೆಗೆಟ್ಟರು. ಕೊನೆಗೆ 2019ರ ಮೇ 20ರಿಂದ ಉರುಳೆಯನ್ನು ಬಿಟ್ಟು, ಪ್ಲಾಂಕ್ ಸ್ಥಿರಾಂಕ ಅನ್ನುವ, ಎಲ್ಲೂ ಎಂದೂ ಬದಲಾಗದ ಭೌತಶಾಸ್ತ್ರದ ಸಂಖ್ಯೆಯ ಮೇಲೆ ಕಿಲೋಗ್ರಾಂ ಕಟ್ಟಿದರು.

ಎಣಿಸಿ ಹಂಚುವುದಷ್ಟೇನಾ, ನೇರವಾಗಿ ತೂಗುವುದು ಆಗುವುದೇ ಇಲ್ಲವಾ? ಆಗುತ್ತದೆ. ಕಚೇರಿಗೆ ಮುಂಚೆ ಮೃದಂಗದವರು ಎಡಗಡೆಯ ಚರ್ಮಕ್ಕೆ ಕಲಸಿದ ರವೆ ಮೆತ್ತುವುದನ್ನು ನೋಡಿದ್ದೀರಲ್ಲ. ಭಾರ ಸೇರಿದರೆ ಚರ್ಮ ನಿಧಾನವಾಗಿ ಕಂಪಿಸುತ್ತದೆ, ನಾದ ಕೆಳಗಿಳಿಯುತ್ತದೆ. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಮೈಕಲ್ ರೂಕ್ಸ್ ಅವರ ತಂಡ ಮಾಡಿದ್ದೂ ಇದನ್ನೇ. ಅತಿ ಸಣ್ಣ ಪಟ್ಟಿಯೊಂದನ್ನು ಚಳಿಯಲ್ಲಿ, ನಿರ್ವಾತದಲ್ಲಿ ಕಂಪಿಸುವಂತೆ ಮಾಡಿ, ಅದರ ಮೇಲೆ ಝೆನಾನ್ ಅನಿಲ ಬಿಟ್ಟರು. ನಾದ ಎಷ್ಟು ಇಳಿಯಿತು ಅಂತ ನೋಡಿ ತೂಕ ಕಂಡುಕೊಂಡರು. 2006ರಲ್ಲಿ ಪ್ರಕಟವಾದ ಆ ಕೆಲಸ ಸುಮಾರು 7 ಝೆಪ್ಟೋಗ್ರಾಂ ಮುಟ್ಟಿತ್ತು. 30 ಝೆನಾನ್ ಪರಮಾಣುಗಳಷ್ಟು ಅಂದರು. ನಿಜವಾ? ನಾವೇ ನೋಡಬಹುದು. ಝೆನಾನ್ 131 ಡಾಲ್ಟನ್. ಮೂವತ್ತಕ್ಕೆ 3,930. ಅದನ್ನು 1.66ರಿಂದ ಗುಣಿಸಿದರೆ ಸುಮಾರು 6,500 ಯೋಕ್ಟೋಗ್ರಾಂ. ಆರೂವರೆ ಝೆಪ್ಟೋಗ್ರಾಂ. ಸರಿಯಾಗಿದೆ. 2012ರಲ್ಲಿ ಬಾರ್ಸೆಲೋನಾದ ತಂಡವೊಂದು ಇಂಗಾಲದ ನ್ಯಾನೋ ಕೊಳವೆ ಬಳಸಿ 1.7 ಯೋಕ್ಟೋಗ್ರಾಂವರೆಗೆ ಇಳಿಯಿತು. ಅದು ಒಂದೇ ಒಂದು ಪ್ರೋಟಾನಿನ ತೂಕ.

ಎಲೆಕ್ಟ್ರಾನಿಗೆ ಯೋಕ್ಟೋ ಕೂಡ ದೊಡ್ಡದಾಯಿತು. 2022ರ ನವೆಂಬರಿನಲ್ಲಿ ಇನ್ನೆರಡು ಮೆಟ್ಟಿಲು ಸೇರಿಸಿದರು, ರಾಂಟೋ ಮತ್ತು ಕ್ವೆಕ್ಟೋ. ಈಗ ಎಲೆಕ್ಟ್ರಾನ್ 0.911 ರಾಂಟೋಗ್ರಾಂ.

ಇಷ್ಟೆಲ್ಲ ಆದ ಮೇಲೆ ಅಮ್ಮನ ಪ್ರಶ್ನೆಗೆ ಮತ್ತೆ ಕೂತೆ. ತೂಕ ಒಂದೇ, 1.5 ಮಿಲಿಗ್ರಾಂ, ಅದರಲ್ಲಿ ಅನುಮಾನ ಇಲ್ಲ. ಅಣುಗಳನ್ನು ಎಣಿಸಿದರೆ? ಸ್ಯಾಶೆಯ ವಿಟಮಿನ್ ಡಿ3 ಅಣು 384.6 ಡಾಲ್ಟನ್. 1.5 ಮಿಲಿಗ್ರಾಂನಲ್ಲಿ ಅಂಥವು 2.35 × 10¹⁸. ಮಾತ್ರೆಯಲ್ಲಿರುವ ಬಿ12 ಮೀಥೈಲ್‌ಕೊಬಾಲಮಿನ್ ರೂಪದ್ದು, ಅದರ ಅಣು 1344 ಡಾಲ್ಟನ್. ಭಾರಿ ಅಣು, ಹಾಗಾಗಿ ಕಡಿಮೆ ಹಿಡಿಸುತ್ತವೆ. 0.67 × 10¹⁸ ಮಾತ್ರ. ಎಣಿಕೆಯಲ್ಲಿ ಸ್ಯಾಶೆಯೇ ಮೂರೂವರೆ ಪಟ್ಟು ಜಾಸ್ತಿ.

ಹೇಳಿದೆ. "ನಾನು ಮೊದಲೇ ಹೇಳಲಿಲ್ವಾ, ಪುಡೀನೇ ಜಾಸ್ತಿ ಅಂತ" ಅಂದಳು ಅಮ್ಮ, ಹಾಲಿಗೆ ಪುಡಿ ಸುರಿಯುತ್ತ.